ಫೋಟೊ ನೋಡಿ ಕಡಲ ಬಂಡೆಯ ಆಯಿಲ್ ಪೇಂಟಿಂಗ್: ಯಾವ ಮಾತು ನಿಜ, ಯಾವುದು ಸುಳ್ಳು, ಯಾವುದು ಅಪಾಯ?

ಹಲಸೂರಿನಲ್ಲೋ ಇಂದಿರಾನಗರದಲ್ಲೋ ಕೆ.ಆರ್. ಪುರದಲ್ಲೋ ಕುಳಿತು ಕಡಲಂಚಿನ ಕಡಿದಾದ ಬಂಡೆಗಳ ಚಿತ್ರ ಬರೆಯಬೇಕೆಂದರೆ ಫೋಟೊ ಬೇಕೇ ಬೇಕು. ಬೆಂಗಳೂರಿನಿಂದ ಮಂಗಳೂರಿನ ಕಡಲು ರಸ್ತೆಯಲ್ಲಿ ಸುಮಾರು 350 ಕಿ.ಮೀ. ದೂರ. ಹಾಗಾಗಿ ಗೋಕರ್ಣಕ್ಕೋ ಮಲ್ಪೆಗೋ ಹೋದಾಗ ತೆಗೆದ ಚಿತ್ರವನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು, ಮನೆಯ ಒಂದು ಮೂಲೆಯಲ್ಲಿ ಕ್ಯಾನ್ವಾಸ್ ನಿಲ್ಲಿಸಿ, ಆಯಿಲ್ ಪೇಂಟ್ ಅಂದರೆ ತೈಲವರ್ಣದಲ್ಲಿ ಬರೆಯುವವರು ಬಹಳ ಮಂದಿ.

ಈ ಹವ್ಯಾಸದ ಸುತ್ತ ಹಲವು ಮಾತುಗಳು ಓಡಾಡುತ್ತವೆ. ‘ಫೋಟೊ ನೋಡಿ ಬರೆದರೆ ಮೋಸ’, ‘ಅಡುಗೆ ಎಣ್ಣೆ ಬೆರೆಸಿದರೂ ನಡೆಯುತ್ತದೆ’, ‘ಟರ್ಪೆಂಟೈನ್ ಮರದ ರಸ, ಅಪಾಯವಿಲ್ಲ’, ‘ಬಣ್ಣ ಒರೆಸಿದ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ’. ಇವುಗಳಲ್ಲಿ ಕೆಲವು ಚಿತ್ರವನ್ನು ಕೆಡಿಸುತ್ತವೆ, ಕೆಲವು ಮನೆಯನ್ನೇ ಸುಡಬಲ್ಲವು. ಒಂದೊಂದಾಗಿ ನೋಡೋಣ.

ಸಂಕ್ಷಿಪ್ತವಾಗಿ

• ಫೋಟೊ ನೋಡಿ ಬರೆಯುವುದು ತಪ್ಪಲ್ಲ. ಆದರೆ ಫೋಟೊ ಬರೀ ಸುಳಿವು, ಪೂರ್ತಿ ಸಾಕ್ಷಿಯಲ್ಲ.
• ಕಡಲಿನ ನೀಲಿ ಆಕಾಶದ ಪ್ರತಿಬಿಂಬ ಮಾತ್ರ ಅಲ್ಲ.
• ಅಡುಗೆ ಮನೆಯ ಎಣ್ಣೆಯನ್ನು ಬಣ್ಣಕ್ಕೆ ಬೆರೆಸಬೇಡಿ.
• ಅಗಸೆ ಎಣ್ಣೆ ಹೀರಿದ ಬಟ್ಟೆ ಕಿಡಿಯಿಲ್ಲದೆ ಹೊತ್ತಿಕೊಳ್ಳಬಲ್ಲದು. ಇದು ನಿಜ.
• ಟರ್ಪೆಂಟೈನ್ ಔಷಧವಲ್ಲ. ಕುಡಿದರೆ ವಿಷ.

ಮಾತು 1: ‘ಫೋಟೊ ನೋಡಿ ಬರೆದರೆ ಅದು ಕಲೆಯಲ್ಲ, ನಕಲು’

ಸುಳ್ಳು. ಕ್ಯಾಮೆರಾ ಬಂದ ಕಾಲದಿಂದಲೂ ಕಲಾವಿದರು ಅದನ್ನು ಬಳಸಿದ್ದಾರೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯಾರ ತೈಲವರ್ಣ ಚಿತ್ರಗಳನ್ನು ಜನ ನಿಂತು ನೋಡುತ್ತಾರೋ ಆ ರಾಜಾ ರವಿವರ್ಮ ಅವರು ಭಾವಚಿತ್ರಗಳಿಗೆ ಫೋಟೊಗಳ ನೆರವು ಪಡೆದಿದ್ದರು. ಫ್ರಾನ್ಸಿನ ಎಡ್ಗರ್ ಡೆಗಾ ಸ್ವತಃ ಫೋಟೊ ತೆಗೆದು ಅವುಗಳಿಂದ ಚಿತ್ರ ಬರೆದರು.

ಫೋಟೊ ಬಳಸಿದ್ದು ಸಮಸ್ಯೆಯಲ್ಲ, ಅದನ್ನು ಕಣ್ಣುಮುಚ್ಚಿ ನಂಬಿದರೆ ಸಮಸ್ಯೆ. ಯಾಕೆಂದರೆ ಕ್ಯಾಮೆರಾ ನಮ್ಮ ಕಣ್ಣಿನಂತೆ ನೋಡುವುದಿಲ್ಲ.

ಮಾತು 2: ‘ಫೋಟೊದಲ್ಲಿ ಕಂಡ ಬಣ್ಣವೇ ನಿಜವಾದ ಬಣ್ಣ’

ಸುಳ್ಳು. ಬಿಸಿಲಿನ ಕಡಲತೀರದಲ್ಲಿ ನೊರೆಯ ಹೊಳಪಿಗೂ ಬಂಡೆಯ ಸಂದಿನ ಕತ್ತಲಿಗೂ ಬೆಳಕಿನ ಅಂತರ ಬಹಳ ದೊಡ್ಡದು. ನಮ್ಮ ಕಣ್ಣು ಅಲ್ಲಿ ಇಲ್ಲಿ ಹರಿದಾಡುತ್ತಾ ಎರಡಕ್ಕೂ ಹೊಂದಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಅಷ್ಟು ಅಂತರವನ್ನು ಒಂದೇ ಸಲ ಹಿಡಿಯುವುದು ಕಷ್ಟ. ಆದ್ದರಿಂದ ನೆರಳು ಬರೀ ಕಪ್ಪಾಗುತ್ತದೆ, ಇಲ್ಲವೇ ಆಕಾಶ ಬರೀ ಬಿಳಿಯಾಗುತ್ತದೆ. ಹೊಸ ಮೊಬೈಲ್‌ಗಳು ಹಲವು ಚಿತ್ರಗಳನ್ನು ಬೆರೆಸಿ ಇದನ್ನು ಸರಿಪಡಿಸಲು ನೋಡುತ್ತವೆ. ಆಗ ಇನ್ನೊಂದು ತೊಂದರೆ: ನೆರಳು, ಬಿಸಿಲು ಎರಡೂ ಒಂದೇ ಮಟ್ಟಕ್ಕೆ ಬಂದು ಬಂಡೆ ಚಪ್ಪಟೆಯಾಗಿ ಕಾಣುತ್ತದೆ, ನೀಲಿ ಅತಿಯಾಗುತ್ತದೆ.

ಇನ್ನೂ ನಾಲ್ಕು ವಿಷಯ ನೆನಪಿಡಿ.

• ಮೊಬೈಲ್‌ನ ಮುಖ್ಯ ಲೆನ್ಸ್ ಅಗಲವಾಗಿ ನೋಡುತ್ತದೆ. ಅಲ್ಲಿ ಎತ್ತರವಾಗಿ ಕಂಡ ಬಂಡೆ ಫೋಟೊದಲ್ಲಿ ಪುಟ್ಟದಾಗುತ್ತದೆ. ಮುಂದಿನ ಸಲ ಹೋದಾಗ ಒಂದು ಅಗಲ ಚಿತ್ರ, ಒಂದು ಎರಡು ಪಟ್ಟು ಝೂಮ್ ಮಾಡಿದ ಚಿತ್ರ ಎರಡನ್ನೂ ತೆಗೆಯಿರಿ.
• ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದ ಫೋಟೊ ಕುಗ್ಗಿರುತ್ತದೆ. ಬಂಡೆಯ ಬಿರುಕು, ನೊರೆಯ ಅಂಚು ಕಲಸಿಹೋಗಿರುತ್ತವೆ. ಸ್ನೇಹಿತರಿಂದ ತರಿಸಿಕೊಳ್ಳುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ.
• ರಾತ್ರಿ ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿ ಮಾಡುವ ಸೆಟ್ಟಿಂಗ್ ಇದ್ದರೆ ಚಿತ್ರ ಬರೆಯುವಾಗ ಆಫ್ ಮಾಡಿ.
• ‘ಕರ್ನಾಟಕದ ಅದ್ಭುತ ಕಡಲತೀರ’ ಎಂದು ಬಂದ ಫಾರ್ವರ್ಡ್ ಬೇರೆ ದೇಶದ್ದಿರಬಹುದು, ಎಐ ತಯಾರಿಸಿದ್ದೂ ಇರಬಹುದು. ಗೂಗಲ್ ಲೆನ್ಸ್‌ನಲ್ಲಿ ಒಮ್ಮೆ ಹುಡುಕಿ. ನೆರಳುಗಳು ಬೇರೆ ಬೇರೆ ದಿಕ್ಕಿಗೆ ಬಿದ್ದಿದ್ದರೆ ಅನುಮಾನಪಡಿ.

ಬೆಳಕಿನ ದಿಕ್ಕಿಗೆ ನಮ್ಮ ಕರಾವಳಿಯಲ್ಲಿ ಒಂದು ಸುಲಭ ಲೆಕ್ಕವಿದೆ. ಕರ್ನಾಟಕದ ಕಡಲು ಪಶ್ಚಿಮಕ್ಕಿದೆ. ಬೆಳಿಗ್ಗೆ ಸೂರ್ಯ ನೆಲದ ಕಡೆಯಿಂದ ಬರುವುದರಿಂದ ಕಡಲಿಗೆ ಮುಖ ಮಾಡಿದ ಬಂಡೆಗೋಡೆ ನೆರಳಿನಲ್ಲಿರುತ್ತದೆ. ಮಧ್ಯಾಹ್ನ ಕಳೆದ ಮೇಲೆ ಅದೇ ಗೋಡೆಗೆ ಬಿಸಿಲು ಬೀಳುತ್ತದೆ. ಬೆಳಗಿನ ಫೋಟೊದ ಬಂಡೆಗೆ ಸಂಜೆಯ ಫೋಟೊದ ಆಕಾಶ ಸೇರಿಸಿದರೆ ಒಂದೇ ಚಿತ್ರದಲ್ಲಿ ಎರಡು ಸೂರ್ಯ ಇದ್ದಂತಾಗುತ್ತದೆ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ‘ಏನೋ ಸರಿಯಿಲ್ಲ’ ಅನಿಸುತ್ತದೆ.

ಮಾತು 3: ‘ಕಡಲು ನೀಲಿ ಕಾಣುವುದು ಆಕಾಶದ ಪ್ರತಿಬಿಂಬದಿಂದ’

ಅರ್ಧ ಸತ್ಯ. ಇಂದಿರಾನಗರ ದಾಟಿದರೆ ಸಿಗುವ ಸಿ.ವಿ. ರಾಮನ್ ನಗರ ಯಾರ ಹೆಸರಿನಲ್ಲಿದೆಯೋ ಅವರೇ ಈ ಪ್ರಶ್ನೆಯನ್ನು ಎತ್ತಿಕೊಂಡವರು. 1921ರಲ್ಲಿ ಯುರೋಪ್ ಪ್ರವಾಸ ಮುಗಿಸಿ ಹಡಗಿನಲ್ಲಿ ಮರಳುವಾಗ ರಾಮನ್ ಮೆಡಿಟರೇನಿಯನ್ ಕಡಲಿನ ಕಡುನೀಲಿಯನ್ನು ಗಮನಿಸಿದರು. ಅದು ಆಕಾಶದ ಪ್ರತಿಬಿಂಬ ಅಷ್ಟೇ ಎಂಬುದು ಆಗಿನ ದೊಡ್ಡ ವಿಜ್ಞಾನಿ ಲಾರ್ಡ್ ರೇಲಿ ಅವರ ಅಭಿಪ್ರಾಯವಾಗಿತ್ತು. ರಾಮನ್ ಪ್ರಿಸಂ ಒಂದರ ಮೂಲಕ ನೀರಿನ ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ. ನೀರೇ ಬೆಳಕನ್ನು ಚದುರಿಸುತ್ತದೆ ಎಂದು ಅವರು ವಾದಿಸಿದರು. ಬೆಳಕಿನ ಚದುರುವಿಕೆಯ ಬಗ್ಗೆ ಮುಂದುವರಿದ ಅವರ ಕೆಲಸಕ್ಕೆ 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಈಗ ನಮಗೆ ಗೊತ್ತಿರುವುದು ಇಷ್ಟು: ನೀರು ಬೆಳಕಿನ ಕೆಂಪು ಭಾಗವನ್ನು ಹೀರಿಕೊಳ್ಳುತ್ತದೆ, ನೀಲಿಯನ್ನು ಹೆಚ್ಚು ಚದುರಿಸುತ್ತದೆ, ಮೇಲ್ಮೈ ಆಕಾಶವನ್ನು ಪ್ರತಿಫಲಿಸುತ್ತದೆ. ಇದರ ಜೊತೆಗೆ ನೀರಿನಲ್ಲಿ ತೇಲುವ ಮಣ್ಣು, ಸೂಕ್ಷ್ಮ ಸಸ್ಯಗಳು ಬಣ್ಣ ಬದಲಿಸುತ್ತವೆ. ಮಳೆಗಾಲದಲ್ಲಿ ನದಿಗಳು ಮಣ್ಣು ತಂದು ಸುರಿಯುವಾಗ ನಮ್ಮ ಕರಾವಳಿಯ ನೀರು ಕಂದು, ಬೂದು ಹಸಿರು ಆಗುವುದು ಇದೇ ಕಾರಣಕ್ಕೆ.

ಚಿತ್ರ ಬರೆಯುವವರಿಗೆ ಇದರ ಉಪಯೋಗವೇನು? ಇಡೀ ಕಡಲಿಗೆ ಒಂದೇ ನೀಲಿ ಬಳಿಯಬಾರದು. ಹಲಸೂರು ಕೆರೆಯ ದಂಡೆಯಲ್ಲಿ ನಿಂತು ನೋಡಿದರೆ ಇದು ಅರ್ಥವಾಗುತ್ತದೆ. ಕಾಲ ಬಳಿಯ ನೀರನ್ನು ಮೇಲಿನಿಂದ ನೋಡುತ್ತೀರಿ, ಅಲ್ಲಿ ನೀರಿನದೇ ಹಸಿರು ಕಂದು ಕಾಣುತ್ತದೆ. ದೂರದ ನೀರನ್ನು ಓರೆಯಾಗಿ ನೋಡುತ್ತೀರಿ, ಅಲ್ಲಿ ಆಕಾಶ ಕಾಣುತ್ತದೆ. ಕಡಲಿನಲ್ಲೂ ಹೀಗೆಯೇ. ದೂರಕ್ಕೆ ಆಕಾಶದ ಬಣ್ಣ, ಹತ್ತಿರಕ್ಕೆ ನೀರಿನ ಮತ್ತು ತಳದ ಬಣ್ಣ, ಅಲೆಯ ನಮ್ಮ ಕಡೆಯ ಇಳಿಜಾರಿಗೆ ಗಾಢ ಬಣ್ಣ.

ಮಾತು 4: ‘ಫೋಟೊದಲ್ಲಿ ದಿಗಂತ ಬಾಗಿದೆ, ಅದು ಭೂಮಿಯ ಬಾಗು’

ಸುಳ್ಳು. ಭೂಮಿ ಗುಂಡಗಿರುವುದು ನಿಜ. ಆದರೆ ಕಡಲತೀರದಿಂದ ತೆಗೆದ ಫೋಟೊದಲ್ಲಿ ಎದ್ದು ಕಾಣುವ ಬಾಗು ಲೆನ್ಸ್‌ನದು. ದಿಗಂತ ಚೌಕಟ್ಟಿನ ಮೇಲಿನ ಅಥವಾ ಕೆಳಗಿನ ಅಂಚಿಗೆ ಹತ್ತಿರವಿದ್ದಷ್ಟೂ ಬಾಗು ಹೆಚ್ಚು. ಮರಳಿನ ಮೇಲೆ ನಿಂತವರಿಗೆ ದಿಗಂತ ಸುಮಾರು 4.5 ಕಿ.ಮೀ. ದೂರದಲ್ಲಿರುತ್ತದೆ. 30 ಮೀಟರ್ ಎತ್ತರದ ಬಂಡೆಯ ಮೇಲಿಂದ ಸುಮಾರು 20 ಕಿ.ಮೀ. ಆ ಎತ್ತರದಲ್ಲೂ ಬಾಗು ಬರಿಗಣ್ಣಿಗೆ ತಿಳಿಯುವಷ್ಟು ಇರುವುದಿಲ್ಲ.

ಹಾಗಾಗಿ ದಿಗಂತವನ್ನು ಸ್ಕೇಲ್ ಇಟ್ಟು ನೇರವಾಗಿ, ಅಡ್ಡಲಾಗಿ ಎಳೆಯಿರಿ. ಒಂದು ಕಡೆ ಇಳಿದಿದ್ದರೆ ಕಡಲು ಚೆಲ್ಲುವಂತೆ ಕಾಣುತ್ತದೆ. ಇನ್ನೊಂದು ನಿಯಮ: ನೀವು ಎಷ್ಟೇ ಎತ್ತರದಲ್ಲಿದ್ದರೂ ದಿಗಂತ ನಿಮ್ಮ ಕಣ್ಣಿನ ಮಟ್ಟದಲ್ಲೇ ಕಾಣುತ್ತದೆ. ದಿಗಂತಕ್ಕಿಂತ ಮೇಲೆ ಚಾಚಿದ ಬಂಡೆ ನಿಮಗಿಂತ ಎತ್ತರದ್ದು, ಕೆಳಗೆ ಉಳಿದದ್ದು ತಗ್ಗಿನದು.

ಮಾತು 5: ‘ಬಂಡೆ ಎಂದರೆ ಕಪ್ಪು ಬಣ್ಣ’

ಸುಳ್ಳು. ಬಂಡೆಯ ಬಣ್ಣವನ್ನು ಕಲ್ಲಿನ ಜಾತಿ ತೀರ್ಮಾನಿಸುತ್ತದೆ.

ಮಲ್ಪೆಯ ಆಚೆಗಿನ ಸೇಂಟ್ ಮೇರೀಸ್ ದ್ವೀಪದಲ್ಲಿರುವುದು ಜ್ವಾಲಾಮುಖಿ ಶಿಲೆ. ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲಕ್ಕೆ ಸೇರಿದ್ದು. ಲಾವಾ ತಣ್ಣಗಾಗಿ ಕುಗ್ಗುವಾಗ ಸೀಳಿಕೊಂಡು ಐದಾರು ಮೂಲೆಗಳ ಕಂಬಗಳಾಗಿವೆ. ಅವು ಭಾರಿ ಎತ್ತರದವಲ್ಲ, ಆದರೆ ನೆಟ್ಟಗಿನ ಗೆರೆಗಳಿಂದ ಬಂಡೆ ಎತ್ತರವಾಗಿ ಕಾಣುತ್ತದೆ. ಇಲ್ಲಿ ಬೂದು, ಕಂದು ಬಣ್ಣ ಹೆಚ್ಚು. ಕುಂಚವನ್ನು ಮೇಲಿಂದ ಕೆಳಕ್ಕೆ ಎಳೆಯಬೇಕು.

ಕಾಸರಗೋಡಿನ ಬೇಕಲ ಕೋಟೆಯ ಫೋಟೊ ಇದ್ದರೆ ಲೆಕ್ಕ ಬೇರೆ. ಅದು ಕಡಲಿಗೆ ಚಾಚಿದ ದಿಣ್ಣೆಯ ಮೇಲೆ ಮುರಕಲ್ಲಿನಲ್ಲಿ ಕಟ್ಟಿದ ಕೋಟೆ. ಮುರಕಲ್ಲು ಅಂದರೆ ಜಂಬಿಟ್ಟಿಗೆ ಕಲ್ಲು. ಕಬ್ಬಿಣದ ಅಂಶದಿಂದ ಕೆಂಪಾಗಿರುತ್ತದೆ. ಗಾಳಿ ಮಳೆಗೆ ಒಡ್ಡಿಕೊಂಡ ಮುಖ ಪಾಚಿ ಹಿಡಿದು ಕಪ್ಪಾಗುತ್ತದೆ, ಹೊಸದಾಗಿ ಒಡೆದ ಜಾಗ ಕೆಂಪಾಗಿ ಹೊಳೆಯುತ್ತದೆ. ಅದರ ತೂತು ತೂತಿನ ಮೈಗೆ ಉದ್ದ ಗೆರೆ ಹೊಂದುವುದಿಲ್ಲ, ಒಣ ಕುಂಚದಿಂದ ತಟ್ಟಬೇಕು.

ಎರಡಕ್ಕೂ ನೆರಳಿನ ಬಣ್ಣವನ್ನು ಟ್ಯೂಬಿನ ಕಪ್ಪಿನಿಂದ ಮಾಡದೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಸಿಯೆನ್ನಾ ಬೆರೆಸಿ ಮಾಡಿ. ನೀಲಿ ಹೆಚ್ಚಾದರೆ ತಂಪು ನೆರಳು, ಕಂದು ಹೆಚ್ಚಾದರೆ ಬಿಸಿ ನೆರಳು. ಮುರಕಲ್ಲಿನ ಬಿಸಿಲಿಗೆ ಬರ್ಂಟ್ ಸಿಯೆನ್ನಾ, ಯೆಲ್ಲೋ ಓಕರ್, ಸ್ವಲ್ಪ ಬಿಳಿ ಸಾಕು. ದೂರದ ಬಂಡೆಗಳು ಮಸುಕಾಗಿ, ನೀಲಿಯಾಗಿ ಕಾಣಬೇಕು. ನಡುವಿನ ಗಾಳಿ, ತೇವ, ಧೂಳು ಬೆಳಕನ್ನು ಚದುರಿಸುವುದೇ ಇದಕ್ಕೆ ಕಾರಣ. ಊಟಿ, ಕೊಡೈಕೆನಾಲ್ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದ ನಮ್ಮ ಕೆ. ವೆಂಕಟಪ್ಪ (1886–1965) ಅವರ ಚಿತ್ರಗಳಲ್ಲಿ ಬೆಟ್ಟಗಳು ಹೇಗೆ ಹಿಂದಕ್ಕೆ ಸರಿಯುತ್ತವೆ ಎಂದು ಗಮನಿಸಿ.

ಕೆಲಸದ ಕ್ರಮ

1. ಮೊಬೈಲ್ ಫೋಟೊ ಸಾಮಾನ್ಯವಾಗಿ 4:3 ಅಳತೆಯದು. 16×12 ಇಂಚಿನ ಕ್ಯಾನ್ವಾಸ್ ಅದಕ್ಕೆ ಸರಿಹೊಂದುತ್ತದೆ. ಫೋಟೊದ ಮೇಲೆ ಅಡ್ಡಕ್ಕೆ 4, ಉದ್ದಕ್ಕೆ 3 ಮನೆ ಹಾಕಿ. ಕ್ಯಾನ್ವಾಸ್ ಮೇಲೂ 4 ಇಂಚಿನ ಮನೆಗಳನ್ನು ತೆಳ್ಳಗೆ ಎಳೆದು, ಮನೆಯಿಂದ ಮನೆಗೆ ಆಕಾರ ಇಳಿಸಿ.

2. ಫೋಟೊದ ಒಂದು ಪ್ರತಿಯನ್ನು ಕಪ್ಪು ಬಿಳುಪು ಮಾಡಿ. ಕಣ್ಣು ಕಿರಿದು ಮಾಡಿ ನೋಡಿ. ಕಡುನೆರಳು, ನಡು ಬಣ್ಣ, ಬೆಳಕು ಎಂಬ ಮೂರೇ ಭಾಗ ಮಾಡಿಕೊಳ್ಳಿ. ಈ ಮೂರು ಸರಿಯಿದ್ದರೆ ಬಣ್ಣ ಸ್ವಲ್ಪ ತಪ್ಪಿದರೂ ಚಿತ್ರ ನಿಲ್ಲುತ್ತದೆ.

3. ಕಂದು ಬಣ್ಣವನ್ನು ತೆಳುವಾಗಿ ಮಾಡಿ ನೆರಳಿನ ಭಾಗಗಳನ್ನು ಮೊದಲು ತುಂಬಿ.

4. ಆಮೇಲೆ ಆಕಾಶ, ದೂರದ ಕಡಲು, ದೂರದ ಬಂಡೆ, ಹತ್ತಿರದ ಬಂಡೆ. ಹಿಂದಿನಿಂದ ಮುಂದಕ್ಕೆ ಬನ್ನಿ.

5. ನೊರೆ ಕೊನೆಗೆ. ಫಿಲ್ಟರ್ ಕಾಫಿಯ ನೊರೆ ಕಾಫಿಗಿಂತ ತಿಳಿಯಾಗಿ ಕಾಣುವುದಕ್ಕೂ ಅಲೆಯ ನೊರೆ ಬೆಳ್ಳಗಿರುವುದಕ್ಕೂ ಕಾರಣ ಒಂದೇ. ಸಣ್ಣ ಗುಳ್ಳೆಗಳು ಬೆಳಕನ್ನು ಎಲ್ಲ ಕಡೆ ಚದುರಿಸುತ್ತವೆ. ಬಿಸಿಲು ಬಿದ್ದ ನೊರೆಗೆ ಮಾತ್ರ ಬಿಳಿ, ನೆರಳಿನ ನೊರೆಗೆ ನೀಲಿ ಬೂದು.

6. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರದಲ್ಲಿ ಎಣ್ಣೆ ಹೆಚ್ಚು ಇರಲಿ. ತಿರುವು ಮುರುವಾದರೆ ಮೇಲಿನದು ಬೇಗ ಗಟ್ಟಿಯಾಗಿ, ಕೆಳಗಿನದು ನಿಧಾನವಾಗಿ ಅಲುಗಾಡಿ, ಬಣ್ಣ ಬಿರುಕು ಬಿಡುತ್ತದೆ.

ಮಾತು 6: ‘ಅಗಸೆ ಎಣ್ಣೆ ಇಲ್ಲದಿದ್ದರೆ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಆಗುತ್ತದೆ’

ಸುಳ್ಳು. ಬಟ್ಟೆ ಒಣಗುವ ಹಾಗೆ ತೈಲವರ್ಣ ಒಣಗುವುದಿಲ್ಲ. ಬಟ್ಟೆಯಿಂದ ನೀರು ಆವಿಯಾಗಿ ಹೋಗುತ್ತದೆ. ಬಣ್ಣದಲ್ಲಿರುವ ಅಗಸೆ ಎಣ್ಣೆ ಎಲ್ಲೂ ಹೋಗುವುದಿಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅಣುಗಳು ಒಂದಕ್ಕೊಂದು ಬೆಸೆದುಕೊಂಡು, ಗಟ್ಟಿ ಪೊರೆಯಾಗುತ್ತದೆ. ಉತ್ತರ ಕರ್ನಾಟಕದ ಊಟದಲ್ಲಿ ಚಟ್ನಿಪುಡಿಯಾಗುವ ಅದೇ ಅಗಸೆಯಲ್ಲಿ ಇದಕ್ಕೆ ಬೇಕಾದ ಕೊಬ್ಬಿನಾಮ್ಲಗಳು ಹೇರಳ. ಕುಸುಬೆ ಎಣ್ಣೆಯೂ ಹೀಗೆ ಗಟ್ಟಿಯಾಗುತ್ತದೆ, ಆದರೆ ನಿಧಾನ. ಕಂಪನಿಗಳು ಅದನ್ನು ಬಿಳಿ ಬಣ್ಣಗಳಲ್ಲಿ ಬಳಸುವುದುಂಟು, ಅದು ಅಷ್ಟಾಗಿ ಹಳದಿಯಾಗುವುದಿಲ್ಲ.

ಕೊಬ್ಬರಿ ಎಣ್ಣೆಯಲ್ಲಿ ಈ ಗುಣ ಇಲ್ಲವೇ ಇಲ್ಲ. ವರ್ಷ ಕಳೆದರೂ ಚಿತ್ರ ಜಿಡ್ಡಾಗಿಯೇ ಇದ್ದು ಧೂಳು ಹಿಡಿಯುತ್ತದೆ. ಕಡಲೆಕಾಯಿ ಎಣ್ಣೆಯೂ ಕೆಲಸಕ್ಕೆ ಬಾರದು. ಕಲಾ ಸಾಮಗ್ರಿ ಅಂಗಡಿಯಲ್ಲಿ ಚಿತ್ರಕಲೆಗೆಂದೇ ಮಾರುವ ಅಗಸೆ ಎಣ್ಣೆಯನ್ನೇ ಕೊಳ್ಳಿ.

ತೆಳು ಪದರ ಮುಟ್ಟಿದರೆ ಅಂಟದಂತಾಗಲು ಬಣ್ಣಕ್ಕೆ ತಕ್ಕಂತೆ ಎರಡು ದಿನದಿಂದ ಎರಡು ವಾರ ಬೇಕು. ಮಾಮೂಲಿ ವಾರ್ನಿಷ್ ಬಳಿಯಲು ಆರು ತಿಂಗಳಿಂದ ಒಂದು ವರ್ಷ ಕಾಯಬೇಕು. ಒಣಗಲೆಂದು ಬೀರುವಿನೊಳಗೆ ಇಡಬೇಡಿ. ಕತ್ತಲಲ್ಲಿ ಅಗಸೆ ಎಣ್ಣೆ ಹಳದಿಯಾಗುತ್ತದೆ. ನೇರ ಬಿಸಿಲು ಬೀಳದ, ಬೆಳಕು ಮತ್ತು ಗಾಳಿಯಾಡುವ ಗೋಡೆ ಒಳ್ಳೆಯದು.

ಮಾತು 7: ‘ಎಣ್ಣೆ ಒರೆಸಿದ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ’

ನಿಜ. ಕೇಳಲು ಉತ್ಪ್ರೇಕ್ಷೆ ಅನಿಸುವ ಈ ಮಾತೇ ಇಡೀ ಲೇಖನದಲ್ಲಿ ನೆನಪಿಡಬೇಕಾದದ್ದು.

ಅಗಸೆ ಎಣ್ಣೆ ಆಮ್ಲಜನಕ ಹೀರುವಾಗ ಶಾಖ ಹುಟ್ಟುತ್ತದೆ. ಕ್ಯಾನ್ವಾಸ್ ಮೇಲೆ ಹರಡಿದ ಬಣ್ಣದಲ್ಲಿ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ. ಮುದುಡಿ ಎಸೆದ ಬಟ್ಟೆಯಲ್ಲಿ ಎಣ್ಣೆ ನೂಲು ನೂಲಿಗೂ ಹರಡಿ ಹೆಚ್ಚು ಗಾಳಿಗೆ ಒಡ್ಡಿಕೊಳ್ಳುತ್ತದೆ, ಆದರೆ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ. ಬಿಸಿಯಾದಷ್ಟೂ ಕ್ರಿಯೆ ಜೋರಾಗುತ್ತದೆ, ಜೋರಾದಷ್ಟೂ ಬಿಸಿ ಏರುತ್ತದೆ. ಕೆಲವು ಗಂಟೆಗಳಲ್ಲಿ ಹೊಗೆ, ಆಮೇಲೆ ಬೆಂಕಿ. ತಿಪ್ಪೆಗುಂಡಿಯ ಒಳಗೆ ಕೈಯಿಟ್ಟರೆ ಬಿಸಿ ತಾಗುತ್ತದಲ್ಲ? ಅಲ್ಲಿ ಶಾಖ ಹುಟ್ಟಿಸುವುದು ಸೂಕ್ಷ್ಮಜೀವಿಗಳು, ಕಾರಣ ಬೇರೆ. ಶಾಖ ಸಿಕ್ಕಿಬೀಳುವ ಬಗೆ ಒಂದೇ.

1991ರ ಫೆಬ್ರುವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ‘ಒನ್ ಮೆರಿಡಿಯನ್ ಪ್ಲಾಜಾ’ ಎಂಬ 38 ಮಹಡಿಯ ಕಟ್ಟಡಕ್ಕೆ ಬೆಂಕಿ ಬಿತ್ತು. ಮರದ ಕೆಲಸಕ್ಕೆ ಬಳಸಿ 22ನೇ ಮಹಡಿಯಲ್ಲಿ ಬಿಟ್ಟುಹೋಗಿದ್ದ ಅಗಸೆ ಎಣ್ಣೆಯ ಬಟ್ಟೆಗಳೇ ಬೆಂಕಿಯ ಮೂಲ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಕಟ್ಟಡವನ್ನು ಕೊನೆಗೆ ಕೆಡವಬೇಕಾಯಿತು.

ಚಿತ್ರಕಾರರು ಒರೆಸುವ ಬಟ್ಟೆಯಲ್ಲಿ ಎಣ್ಣೆ ಅಷ್ಟಿರುವುದಿಲ್ಲ. ಆದರೆ ಎಣ್ಣೆ ಬಾಟಲಿ ಚೆಲ್ಲಿ ಒರೆಸಿದಾಗ, ವಾರದ ಬಟ್ಟೆಗಳೆಲ್ಲ ಒಂದೇ ಕವರಿನಲ್ಲಿ ತುಂಬಿದಾಗ ಅಪಾಯ ನಿಜವಾಗುತ್ತದೆ. ಶಿವಾಜಿನಗರದ ಇಕ್ಕಟ್ಟಿನ ಮಹಡಿ ಮನೆಯಾಗಲಿ, ಇಂದಿರಾನಗರದ ಬಾಡಿಗೆ ಕೋಣೆಯಾಗಲಿ, ಬಾಲ್ಕನಿಯ ಮೂಲೆಯ ಪ್ಲಾಸ್ಟಿಕ್ ಬುಟ್ಟಿ ಇದಕ್ಕೆ ತಕ್ಕ ಜಾಗವಲ್ಲ. ಹೀಗೆ ಮಾಡಿ:

• ಕೆಲಸ ಮುಗಿದ ಕೂಡಲೇ ಬಟ್ಟೆ, ಟಿಶ್ಯೂಗಳನ್ನು ಮುದುಡಬೇಡಿ, ಒಂದರ ಮೇಲೊಂದು ಪೇರಿಸಬೇಡಿ.
• ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬದಲ್ಲಿ ಮುಳುಗಿಸಿಡಿ. ಇಲ್ಲವೇ ಹೊರಗೆ, ಸುಡುವ ವಸ್ತುಗಳಿಂದ ದೂರ, ಒಂದೊಂದಾಗಿ ಹರಡಿ ಗಟ್ಟಿಯಾಗುವವರೆಗೂ ಒಣಗಿಸಿ.
• ಹಾಗೇ ಕಸದ ಬುಟ್ಟಿಗೆ ಹಾಕಬೇಡಿ. ಅಪಾಯಕಾರಿ ಕಸವೆಂದು ಹೇಳಿ ಬೇರೆಯಾಗಿ ಕೊಡಿ.

ನೀರಿನಲ್ಲಿ ಬೆರೆಯುವ ಆಯಿಲ್ ಪೇಂಟ್‌ಗೂ ಇದೇ ಎಚ್ಚರಿಕೆ ಬೇಕು, ಅದರಲ್ಲೂ ಎಣ್ಣೆಯಿದೆ. ಅಕ್ರಿಲಿಕ್ ಬಣ್ಣದಲ್ಲಿ ಈ ಎಣ್ಣೆ ಇಲ್ಲ, ಹಾಗಾಗಿ ಈ ಅಪಾಯವೂ ಇಲ್ಲ. ಮನೆ ತೀರಾ ಚಿಕ್ಕದಿದ್ದರೆ ಅಕ್ರಿಲಿಕ್ ಒಳ್ಳೆಯ ಆಯ್ಕೆ.

ಮಾತು 8: ‘ಟರ್ಪೆಂಟೈನ್ ನೈಸರ್ಗಿಕ, ಸ್ವಲ್ಪ ಕುಡಿದರೆ ಹೊಟ್ಟೆಯ ಹುಳ ಹೋಗುತ್ತದೆ’

ಅಪಾಯಕಾರಿ ಸುಳ್ಳು. ಟರ್ಪೆಂಟೈನ್ ಪೈನ್ ಮರದ ಅಂಟಿನಿಂದ ಬರುವುದು ನಿಜ. ಮರದಿಂದ ಬಂದ ಮಾತ್ರಕ್ಕೆ ಅದು ಸುರಕ್ಷಿತವಾಗುವುದಿಲ್ಲ. ಕುಡಿದರೆ ಹೊಟ್ಟೆ, ನರಮಂಡಲ, ಮೂತ್ರಪಿಂಡಕ್ಕೆ ಹಾನಿ. ಶ್ವಾಸಕೋಶಕ್ಕೆ ಜಾರಿದರೆ ಪ್ರಾಣಕ್ಕೇ ಕುತ್ತು.

ಮಗು ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ದ್ರವ ಶ್ವಾಸಕೋಶಕ್ಕೆ ಹೋಗುವ ಸಾಧ್ಯತೆ ಹೆಚ್ಚು. 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಹಿಡಿದುಕೊಂಡು ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಕುಡಿಯುವ ನೀರಿನ ಬಾಟಲಿಯಲ್ಲಿ ಇಂಥ ದ್ರವಗಳನ್ನು ಯಾವತ್ತೂ ಇಡಬೇಡಿ.

ಹಾರ್ಡ್‌ವೇರ್ ಅಂಗಡಿಯ ತಿನ್ನರ್‌ನಲ್ಲಿ ಟಾಲೀನ್‌ನಂಥ ರಾಸಾಯನಿಕಗಳಿರುತ್ತವೆ, ಮಲಗುವ ಕೋಣೆಯಲ್ಲಿ ಅದನ್ನು ಬಳಸಲೇಬೇಡಿ. ಯಾವ ದ್ರಾವಕವಾದರೂ ಕಿಟಕಿ ತೆರೆದಿರಲಿ, ಹತ್ತಿರ ಗ್ಯಾಸ್ ಒಲೆ, ಊದುಬತ್ತಿ ಬೇಡ. ಕುಂಚವನ್ನು ಮೊದಲು ಕಾಗದದಿಂದ ಒರೆಸಿ, ಆಮೇಲೆ ಅಗಸೆ ಎಣ್ಣೆ ಮತ್ತು ಸೋಪಿನಿಂದ ತೊಳೆದರೆ ದ್ರಾವಕ ಬೇಕಾಗುವುದೇ ಕಡಿಮೆ. ಉಳಿದ ದ್ರಾವಕವನ್ನು ಸಿಂಕಿಗೆ ಸುರಿಯಬೇಡಿ. ಒಂದು ಗಾಜಿನ ಜಾಡಿಯಲ್ಲಿ ಮುಚ್ಚಿಟ್ಟರೆ ಬಣ್ಣ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನು ಮತ್ತೆ ಬಳಸಬಹುದು.

ಬಿಳಿಗೆ ಟೈಟೇನಿಯಂ ವೈಟ್ ಕೊಳ್ಳಿ. ಸೀಸವಿರುವ ಬಿಳಿ ವಿಷಕಾರಿ. ಕುಂಚದ ಮೊನೆಯನ್ನು ಬಾಯಲ್ಲಿ ಚೂಪು ಮಾಡುವ ಅಭ್ಯಾಸವಿದ್ದರೆ ಬಿಡಿ.

ಚಿತ್ರ ಮಾರುವ ಯೋಚನೆ ಇದೆಯೇ?

ಪ್ರತಿ ವರ್ಷ ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ ಮಾರಾಟಕ್ಕಿಡುವ ಆಸೆ ಹಲವರಿಗಿರುತ್ತದೆ. ಬೇರೆಯವರ ಫೋಟೊ ನೋಡಿ ಮನೆಯಲ್ಲಿ ಅಭ್ಯಾಸ ಮಾಡುವುದು ಬೇರೆ, ಹಾಗೆ ಬರೆದದ್ದನ್ನು ಮಾರುವುದು ಬೇರೆ. ಫಾರ್ವರ್ಡ್ ಆಗಿ ಬಂದ ಫೋಟೊಗೂ ಒಬ್ಬರು ಒಡೆಯರಿರುತ್ತಾರೆ. ಭಾರತದ ಕಾನೂನಿನಲ್ಲಿ ಫೋಟೊದ ಹಕ್ಕು ತೆಗೆದವರ ಜೀವಮಾನ ಮತ್ತು ಆಮೇಲಿನ 60 ವರ್ಷ ಇರುತ್ತದೆ. ಮಾರುವುದಾದರೆ ನೀವೇ ತೆಗೆದ ಫೋಟೊ ಬಳಸಿ, ಇಲ್ಲವೇ ಒಪ್ಪಿಗೆ ಪಡೆಯಿರಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

ನಿಮ್ಮ ಗುಂಪಿನಲ್ಲಿ ಚಿತ್ರ ಬರೆಯುವವರು, ಮರಕ್ಕೆ ಪಾಲಿಶ್ ಹಾಕುವವರು ಇದ್ದರೆ ಈ ಮೂರು ಸಾಲು ಕಳಿಸಿ:

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಇಡಬೇಡಿ.
ಮುಚ್ಚಳವಿರುವ ಲೋಹದ ಡಬ್ಬದಲ್ಲಿ ನೀರಿನಲ್ಲಿ ಮುಳುಗಿಸಿ, ಇಲ್ಲವೇ ಹೊರಗೆ ಒಂದೊಂದಾಗಿ ಹರಡಿ.
ಟರ್ಪೆಂಟೈನ್ ಕುಡಿದವರಿಗೆ ವಾಂತಿ ಮಾಡಿಸಬೇಡಿ, 108ಕ್ಕೆ ಕರೆ ಮಾಡಿ.